ಕುಂತವ್ವನ ಗುಡ್ಡ

ನಮ್ಮ ಹಂಚಿಗಟ್ಟಿಯ ಪೂರ್ವಕ್ಕೆ ಒಂದು ಬೋಳುಗುಡ್ಡವಿದೆ. ಮರವೆಂಬುದಿಲ್ಲ, ನೆರಳೆಂಬುದಿಲ್ಲ, ಕಲ್ಲುಸಂದಿಯಲ್ಲೆಲ್ಲ ಹಿರೇಮದ್ದಿನ ಗಿಡ ಮಾತ್ರ ಹಬ್ಬಿದೆ. ಪೇಟೆಯವರು ಅದನ್ನೇ ಅಶ್ವಗಂಧ ಎಂದು ಡಬ್ಬಿಯಲ್ಲಿ ಕೊಳ್ಳುತ್ತಾರೆ. ಅದರ ಬೇರು ದಣಿವಿಗೆ, ತಲೆಬಿಸಿಗೆ ಒಳ್ಳೆಯದೆಂದು ಕೇಳಿ ಕಾರು ಮಾಡಿಕೊಂಡು ಬರುವವರು, ಗುದ್ದಲಿ ಕೈಯಲ್ಲಿ ಹಿಡಿದೇ, ಇದಕ್ಕೆ ಕುಂತವ್ವನ ಗುಡ್ಡ ಎಂಬ ಹೆಸರೇಕೆ ಎಂದು ಕೇಳುತ್ತಾರೆ. ಉತ್ತರವನ್ನು ಪೂರ್ತಿ ಕೇಳುವ ಪುರುಸೊತ್ತು ಮಾತ್ರ ಒಬ್ಬರಿಗೂ ಇರುವುದಿಲ್ಲ.

ಹಿಂದೆ ಒಮ್ಮೆ ಈ ಊರಿನ ಮದ್ದಿನವರ ಮನೆಗೆ ಸಂಕವ್ವ ಎಂಬವಳು ಸೊಸೆಯಾಗಿ ಬಂದಳು. ಹಣ್ಣು ಕೆಂಪಾದ ಮೇಲೆ ಬೇರು ಅಗೆದು, ತೊಳೆದು, ಒಣಗಿಸಿ, ಕುಟ್ಟಿ ಮಾರುವುದು ಆ ಮನೆಯ ಕಸುಬು. ಮಾರುವುದು ಗಂಡಸರದು, ಉಳಿದದ್ದೆಲ್ಲ ಹೆಂಗಸರದು. ಬೇರಿನ ಪುಡಿಯನ್ನು ಹಾಲಿನಲ್ಲಿ ಕುದಿಸಿ ಕುಡಿದವರು ಹೊತ್ತು ಇಳಿಯುವ ತನಕ ಮಲಗಿರಬೇಕೆಂಬ ಪಥ್ಯವಿತ್ತು. ಈ ಪಥ್ಯವನ್ನು ಆ ಮನೆಯ ಗಂಡಸರು ಒಂದು ದಿನವೂ ಮುರಿದವರಲ್ಲ ಎನ್ನುತ್ತಾರೆ. ಹೆಂಗಸರ ಪಥ್ಯ ಬೇರೆ: ಹುಳಿ ಬಿಡಬೇಕು, ಖಾರ ಬಿಡಬೇಕು, ಕೆಲಸ ಬಿಡಬಾರದು.

ಮೂರನೆಯ ಹೆರಿಗೆಯಾಗಿ ತಿಂಗಳು ತುಂಬುವ ಮೊದಲೇ ಸಂಕವ್ವ ಒನಕೆ ಹಿಡಿದಳು. ಸಾಕಾಯಿತು ಎಂದಾಗಲೆಲ್ಲ ಅತ್ತೆ ಗಿರಿಯವ್ವ ಒಂದು ಬಟ್ಟಲು ಮದ್ದಿನ ಹಾಲು ಕೊಡುವಳು, ಹಿಂದೆಯೇ ಇನ್ನೊಂದು ಬುಟ್ಟಿ ಬೇರು ತಂದಿಡುವಳು. “ಮದ್ದು ಕುಡದಿಯಲ್ಲ, ಇನ್ನೆಲ್ಲಿಂದ ದಣಿವು ತಂದಿ?” ಎನ್ನುವಳು. ಹೀಗೇ ನಡೆದು ಒಂದು ದಿನ ಸಂಕವ್ವನ ಎದೆಹಾಲು ಬತ್ತಿತು. ಕೂಸು ಅತ್ತು ಅತ್ತು ದನಿ ಕಳೆದುಕೊಂಡಿತು. ಆ ದಿನ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬೇರು ಅಗೆಯಲು ಗುಡ್ಡ ಹತ್ತಿದವಳು ತುದಿಯ ಬಂಡೆಯ ಮೇಲೆ ಕುಳಿತಳು. ಕುಳಿತವಳು ಏಳಲಿಲ್ಲ. ಕುರಿ ಕಾಯುವವರು ಕೊಟ್ಟ ಆಡಿನ ಹಾಲನ್ನು ಸೆರಗಿನ ತುದಿಯಿಂದ ಕೂಸಿನ ಬಾಯಿಗೆ ಹಿಂಡುತ್ತ ಅಲ್ಲೇ ಇದ್ದುಬಿಟ್ಟಳು.

ಗಂಡ ಬಂದು, “ಮನ್ಯಾಗ ಒಲಿ ಹತ್ತಿಲ್ಲ, ಏಳ,” ಎಂದ.

“ಒಲಿಗೂ ಒಂದು ಬಟ್ಟಲ ಮದ್ದು ಕುಡಸ್ರಿ, ತಾನ ಹತ್ತತೈತಿ,” ಎಂದಳು ಸಂಕವ್ವ.

ಅವನು ಬಂದ ದಾರಿಯಲ್ಲೇ ಇಳಿದ. ಮೂರನೆಯ ದಿನ ಗಿರಿಯವ್ವ ತಾನೇ ಬಟ್ಟಲು ಹಿಡಿದು ಏದುಸಿರು ಬಿಡುತ್ತ ಹತ್ತಿ ಬಂದಳು. “ನಲವತ್ತು ವರ್ಷ ಆತು, ನಾ ಹಗಲಾಗ ಕುಂತಿಲ್ಲ. ನಿನಗ್ಯಾಕ ಬೇಕು ಕುಂದ್ರೂದು?”

“ಒಮ್ಮೆ ಕುಂತು ನೋಡ್ರಿ ಅತ್ತಿ, ಆಮ್ಯಾಲ ಬೈರಿ.”

ಬೈಯುವುದಕ್ಕಾದರೂ ಉಸಿರು ಬೇಕಲ್ಲ. ಗಿರಿಯವ್ವ ಕುಳಿತಳು. ಬೈಗುಳ ನೆನಪಾಗುವ ಹೊತ್ತಿಗೆ ತಂದ ಮದ್ದನ್ನು ತಾನೇ ಕುಡಿದಿದ್ದಳು, ಸೊಸೆಯ ಪಕ್ಕದಲ್ಲಿ ಮಲಗಿದ್ದಳು. ಹೊತ್ತು ಇಳಿದರೂ ಏಳಲಿಲ್ಲ. ಮರುದಿನ ಗಂಡಸರೇ ಗಂಜಿ ಕಾಯಿಸಿ ಹೊತ್ತು ತಂದರು. ತಳ ಸೀದಿತ್ತಂತೆ, ಇಬ್ಬರೂ ಕುಳಿತಲ್ಲೇ ಉಂಡರಂತೆ. ಒಂಬತ್ತನೆಯ ದಿನ ಸಂಕವ್ವನಿಗೆ ಹಾಲು ಮರಳಿತು. ಆಮೇಲೆಯೇ ಅತ್ತೆ ಸೊಸೆ ಇಳಿದು ಬಂದದ್ದು.

ತುದಿಯ ಆ ಬಂಡೆ ಇಬ್ಬರು ಒತ್ತಿ ಕೂರುವಷ್ಟು ಅಗಲಕ್ಕೆ ತಗ್ಗಾಗಿರುವುದನ್ನು ಈಗಲೂ ನೋಡಬಹುದು. ಯಾರೋ ಭಕ್ತರು ಅದಕ್ಕೆ ಅರಿಶಿಣ ಬಳಿದು, ಸುತ್ತ ಕಬ್ಬಿಣದ ಜಾಲರಿ ಹಾಕಿಸಿ, ಇಲ್ಲಿ ಯಾರೂ ಕುಳಿತುಕೊಳ್ಳಬಾರದು ಎಂದು ಬೋರ್ಡು ಬರೆಸಿದ್ದಾರೆ. ಅಮಾವಾಸ್ಯೆಗೆ ಬರುವ ಹೆಂಗಸರು ಜಾಲರಿಯ ಹೊರಗೆ ನಿಂತೇ ಕೈಮುಗಿಯುತ್ತಾರೆ, ಒಂದು ಚಿಟಿಕೆ ಬೇರಿನ ಪುಡಿ ಬಾಯಿಗೆ ಹಾಕಿಕೊಳ್ಳುತ್ತಾರೆ, ಅಡುಗೆಗೆ ಹೊತ್ತಾಯಿತೆಂದು ಓಡೋಡಿ ಇಳಿಯುತ್ತಾರೆ.