ನಿಂತರೆ ಒಂದು, ಓಡಿದರೆ ಎರಡು

ಹತ್ತಿರ ಬಂದು ಕೂತುಕೊಳ್ಳಿ, ಅಡಿವೆಪ್ಪನ ಕತೆ ಹೇಳುತ್ತೇನೆ. ಅವನನ್ನು ಪೆದ್ದ ಅಂತ ನಾನು ಕರೆಯುತ್ತಿಲ್ಲ, ಊರು ಕರೆಯುತ್ತದೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನೇ ಪೆದ್ದ ಅನ್ನುವುದಾದರೆ, ನಮ್ಮ ಕಡೆ ಅವನಷ್ಟು ದೊಡ್ಡ ಪೆದ್ದ ಇನ್ನೊಬ್ಬನಿಲ್ಲ.

ಮುಂಡರಗಿ ಬಸ್ ಸ್ಟ್ಯಾಂಡಿನ ಹಿಂದೆ ಬೆಳಕು ಫೋಟೋ ಸ್ಟುಡಿಯೋ ಅಂತ ಒಂದಿದೆ. ಅದರ ಒಡತಿ ಫಕೀರವ್ವ, ಅಡಿವೆಪ್ಪನ ತಾಯಿ. ಮುಂದೆ ಸ್ಟುಡಿಯೋ, ಹಿಂದೆ ಮನೆ. ಗಂಡ ತೀರಿಕೊಂಡ ಮೂರನೇ ತಿಂಗಳಿಗೆ ಅವನ ಕ್ಯಾಮೆರಾ ಎತ್ತಿಕೊಂಡವಳು ಇಪ್ಪತ್ತೆರಡು ವರ್ಷ ಕೆಳಗೆ ಇಟ್ಟಿರಲಿಲ್ಲ. ಸ್ಟುಡಿಯೋ ಗೋಡೆ ತುಂಬ ಊರಿನವರ ಫೋಟೋ. ಫಕೀರವ್ವನದು ಮಾತ್ರ ಒಂದೂ ಇಲ್ಲ. ಸ್ವಂತ ತಂಗಿಯ ಮದುವೆ ಆಲ್ಬಮ್ಮಿನಲ್ಲೂ ಇಲ್ಲ. ತೆಗೆಯುವವಳು ಅವಳೇ ಆದ ಮೇಲೆ ಬರುವುದಾದರೂ ಹೇಗೆ? ಆಧಾರ್ ಕಾರ್ಡಿನಲ್ಲಿ ಒಂದಿದೆ, ಅದನ್ನು ಫೋಟೋ ಅನ್ನಲು ಅವಳು ಒಪ್ಪುವುದಿಲ್ಲ.

ಹೀಗಿರುವಾಗ ಮಗಳು ಮಧುಮತಿಯ ಮದುವೆ ಗಟ್ಟಿಯಾಯಿತು. ಫಕೀರವ್ವ ಆವತ್ತೇ ಹೇಳಿಬಿಟ್ಟಳು.

“ಈ ಒಂದು ಮದುವ್ಯಾಗ ನಾ ಕ್ಯಾಮೆರಾ ಹಿಂದ ನಿಲ್ಲಂಗಿಲ್ಲ. ಮುಂದ ನಿಲ್ತೀನಿ. ಮಗಳ ಕೈ ಹಿಡಕೊಂಡು ನಿಲ್ತೀನಿ. ಒಂದಾದ್ರೂ ಫೋಟೋ ನಂದು ಆಗಬೇಕು!”

“ಹಂಗಾರ ಯಾರು ತಗೀತಾರವ್ವ?” ಅಂದಳು ಮಧುಮತಿ.

ಬೇರೆ ಸ್ಟುಡಿಯೋದವನನ್ನು ಕರೆಸಬಹುದಿತ್ತು. ಆದರೆ ಫಕೀರವ್ವನ ಮಗಳ ಮದುವೆಗೆ ಬೇರೆಯವರ ಕ್ಯಾಮೆರಾ ಬಂತು ಅಂದರೆ ಊರು ಬಾಯಿ ಮುಚ್ಚಿಕೊಂಡು ಇರುತ್ತದೆಯೇ? ಫಕೀರವ್ವ ತಿರುಗಿ ಮಗನನ್ನು ನೋಡಿದಳು. ಅಡಿವೆಪ್ಪ ಗೋಡೆ ಹಿಡಿದುಕೊಂಡು ನಿಂತಿದ್ದ. ಗೋಡೆ ಹಿಡಿ, ಪರದೆ ಕಟ್ಟಬೇಕು ಅಂತ ಬೆಳಿಗ್ಗೆ ಅವಳೇ ಹೇಳಿದ್ದಳು. ಪರದೆ ಕಟ್ಟಿ ನಾಲ್ಕು ತಾಸಾಗಿತ್ತು.

“ಶಿವನೇ,” ಅಂದಳು ಫಕೀರವ್ವ. ಬೇರೆ ದಾರಿ ಇರಲಿಲ್ಲ. ಮಗನನ್ನು ಕೂರಿಸಿಕೊಂಡು ಪಾಠ ಶುರು ಮಾಡಿದಳು.

ಕ್ಯಾಮೆರಾದ ತಲೆಯ ಮೇಲೆ ಒಂದು ಸಣ್ಣ ಚಕ್ರ. ಅದರಲ್ಲಿ ಒಂದು, ಎರಡು, ಮೂರು ಅಂತ ಮೂರು ಮನೆ. ಒಂದೊಂದು ಮನೆಯಲ್ಲಿ ಬೆಳಕೆಷ್ಟು, ವೇಗವೆಷ್ಟು ಅಂತ ಫಕೀರವ್ವ ಮೊದಲೇ ಕೂಡಿಸಿ ಇಟ್ಟಿದ್ದಳು. ಚಕ್ರ ತಿರುಗಿಸಿದರೆ ಸಾಕು, ಎಲ್ಲವೂ ಒಟ್ಟಿಗೆ ಬದಲಾಗುತ್ತದೆ. ಎರಡನೇ ಮನೆಯಲ್ಲಿ ಗುಂಡಿ ಒತ್ತಿ ಹಿಡಿದರೆ ಚಕ್ ಚಕ್ ಚಕ್ ಅಂತ ಸಾಲಾಗಿ ಹೊಡೆಯುತ್ತದೆ.

“ನಿಂತರ ಒಂದು. ಓಡಿದರ ಎರಡು. ಕತ್ತಲಾದರ ಮೂರು. ಇಷ್ಟ ನೋಡು. ಅನ್ನು!”

“ನಿಂತರ ಒಂದು. ಓಡಿದರ ಎರಡು. ಕತ್ತಲಾದರ ಮೂರು,” ಅಂದ ಅಡಿವೆಪ್ಪ.

ಮೊದಲು ಒಂದು ತೊಟ್ಟಿಲ ಕಾರ್ಯಕ್ಕೆ ಕಳಿಸಿದಳು. ಹೋದ. ಮಧ್ಯಾಹ್ನ ಬಂದ. ಕ್ಯಾಮೆರಾ ಖಾಲಿ.

“ಕೂಸಿನ ಫೋಟೋ ಎಲ್ಲಿ?”

“ತಗೀಲಿಲ್ಲವ್ವ.”

“ಯಾಕಲೇ?”

“ಕೂಸು ನಿಂತಿತ್ತೇನು? ನಿಂತಿದ್ದಿಲ್ಲ. ಓಡಿತೇನು? ಓಡಲಿಲ್ಲ. ಕತ್ತಲ ಇತ್ತೇನು? ಇದ್ದಿಲ್ಲ. ಮಲಗಿತ್ತು. ಮಲಗಿದ್ದಕ್ಕ ನೀ ಯಾವ ನಂಬರೂ ಹೇಳಿಲ್ಲ. ನಿಲ್ಲೂತನಕ ಕಾಯ್ತೀನ್ರಿ ಅಂದೆ. ಒಂದು ವರ್ಷ ಆಗ್ತೈತಿ ಅಂದ್ರು. ಉಂಡು ಬಂದೆ.”

ಫಕೀರವ್ವ ಹಣೆ ಹಣೆ ಬಡಿದುಕೊಂಡಳು.

“ಅಯ್ಯೋ ನನ್ನ ಕರ್ಮವೇ! ಅಲ್ಲಾಡದ್ದೆಲ್ಲ ನಿಂತಂಗ, ಅಲ್ಲಾಡಿದ್ದೆಲ್ಲ ಓಡಿದಂಗ! ಕೂಸಾಗಲಿ, ಮುದುಕ ಆಗಲಿ, ಒಂದು ಕೂದಲಷ್ಟು ಅಲ್ಲಾಡಿದರೂ ಟಕ್ಕನ ಚಕ್ರ ತಿರುಗಿಸು! ನಿಂತರ ಟಕ್ಕನ ಹಿಂದಕ್ಕ ತಿರುಗಿಸು! ತಡಾ ಮಾಡಬಾರದು!”

“ಹೂಂ ಅವ್ವ. ಟಕ್ಕನ ತಿರುಗಸ್ತೀನಿ.”

ಮುಂದಿನ ವಾರ ದಿನಸಿ ಅಂಗಡಿಯವರ ಮನೆಯಲ್ಲಿ ನಿಶ್ಚಿತಾರ್ಥ. ಅಡಿವೆಪ್ಪ ಹೋಗಿ ಹಿರಿಯರ ಎದುರಿಗೆ ನಿಂತ. ಹಿರಿಯರು ತಲೆ ಅಲ್ಲಾಡಿಸಿದರು. ಟಕ್, ಎರಡು. ನಿಲ್ಲಿಸಿದರು. ಟಕ್, ಒಂದು. ಹುಡುಗಿ ಕಣ್ಣು ಮಿಟುಕಿಸಿದಳು. ಟಕ್, ಎರಡು. ಮಿಟುಕಿಸಿ ಮುಗಿಸಿದಳು. ಟಕ್, ಒಂದು. ಕರೆಂಟು ಹೋಯಿತು. ಟಕ್, ಮೂರು. ಬಂತು. ಟಕ್, ಒಂದು. ಹುಡುಗನ ಸೋದರಮಾವನಿಗೆ ಬಿಕ್ಕಳಿಕೆ ಹತ್ತಿತ್ತು. ಅವನೊಬ್ಬನಿಗೇ ಅಡಿವೆಪ್ಪ ಎಂಬತ್ತು ಸಲ ಚಕ್ರ ತಿರುಗಿಸಿದ. ಏನು ಚುರುಕು ಹುಡುಗನಪ್ಪಾ ಅಂತ ಹೆಂಗಸರು ಮಾತಾಡಿಕೊಂಡರು.

ಮನೆಗೆ ಬಂದ. ಕ್ಯಾಮೆರಾ ಖಾಲಿ.

“ಲೇ! ಒಂದೂ ಇಲ್ಲಲ್ಲೋ!”

“ಒಂದೂ ತಪ್ಪಿಲ್ಲವ್ವ. ಎಲ್ಲಾ ಸರಿ ತಿರುಗಿಸೀನಿ. ಬೆರಳು ನೋಡು, ಬಾತೈತಿ.”

“ಗುಂಡಿ ಒತ್ತಲಿಲ್ಲೇನೋ?”

“ಒತ್ತು ಅಂತ ಹೇಳಿದ್ದೇನು?”

ಹೇಳಿರಲಿಲ್ಲ. ಅದು ಫಕೀರವ್ವನಿಗೂ ಗೊತ್ತಿತ್ತು, ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ದಿನಸಿ ಅಂಗಡಿಯವರು ಮನೆ ಬಾಗಿಲಿಗೆ ಬಂದು ಬಾಯಿಗೆ ಬಂದದ್ದು ಅಂದು ಹೋದರು. ಅವಳು ಕೈ ಮುಗಿದು ನಿಂತುಕೊಳ್ಳಬೇಕಾಯಿತು. ಇಪ್ಪತ್ತೆರಡು ವರ್ಷದಲ್ಲಿ ಅಂಥ ಮಾತು ಅವಳು ಕೇಳಿರಲಿಲ್ಲ.

“ತಿರುಗಿಸಿ ಒತ್ತಬೇಕು! ಟಕ್ ತಿರುಗಿಸು, ಚಕ್ ಒತ್ತು! ಚಕ್ರಾ ನೋಡಕೋತ ಕುಂದ್ರಬಾರದು. ಬೆರಳಿಗೆ ಗೊತ್ತಿರಬೇಕು. ಕಣ್ಣು ಮುಚಗೊಂಡು ತಿರುಗಿಸಿದರೂ ಸರಿ ಬರಬೇಕು!”

“ಹೂಂ ಅವ್ವ. ಕಣ್ಣು ಮುಚಗೊಂಡು.”

ಐದು ದಿನ ಕಣ್ಣು ಮುಚ್ಚಿಕೊಂಡು ಚಕ್ರ ತಿರುಗಿಸಿದ. ಸುಳ್ಳು ಯಾಕೆ ಹೇಳಬೇಕು, ಕಲಿತುಬಿಟ್ಟ. ಮಧುಮತಿ ಪಕ್ಕದಲ್ಲಿ ಕೂತು “ಮೂರು! ಒಂದು! ಎರಡು!” ಅಂತ ಕೂಗಿದರೆ ಅವಳ ಬಾಯಿ ಮುಚ್ಚುವುದರೊಳಗೆ ಚಕ್ರ ಅಲ್ಲಿರುತ್ತಿತ್ತು. ಫಕೀರವ್ವ ಕೂಡ ಅಷ್ಟು ಬೇಗ ತಿರುಗಿಸುತ್ತಿರಲಿಲ್ಲ. ಅವಳಿಗೆ ಸ್ವಲ್ಪ ಆಸೆ ಬಂತು.

ಹೆಣ್ಣುಮಕ್ಕಳ ಶಾಲೆಯಲ್ಲಿ ಇನಾಮದಾರ ಮಾಸ್ತರರು ನಿವೃತ್ತಿಯಾಗುವವರಿದ್ದರು. ಅಡಿವೆಪ್ಪ ಹೋದ. ನೂರಾ ಅರವತ್ತು ಫೋಟೋ ತೆಗೆದುಕೊಂಡು ಬಂದ. ಫಕೀರವ್ವ ಖುಷಿಯಿಂದ ಕಂಪ್ಯೂಟರಿಗೆ ಹಾಕಿದಳು. ಮೊದಲನೆಯದರಲ್ಲಿ ಫ್ಯಾನು. ಎರಡನೆಯದರಲ್ಲಿ ಫ್ಯಾನು. ಮೂರನೆಯದರಲ್ಲಿ ಯಾರದೋ ಚಪ್ಪಲಿ. ಆಮೇಲೆ ಕುರ್ಚಿ ಕಾಲು, ಗೋಡೆ, ಅಡಿವೆಪ್ಪನ ಹೆಬ್ಬೆರಳು. ಕ್ಯಾಮೆರಾ ತಿರುವುಮುರುವು ಹಿಡಿದಿದ್ದನೋ ಏನೋ, ಇಪ್ಪತ್ತೇಳರಲ್ಲಿ ಅಡಿವೆಪ್ಪನ ಮೂಗು. ಬೆಳಕು ಮಾತ್ರ ಒಂದರಲ್ಲೂ ಕೆಟ್ಟಿರಲಿಲ್ಲ.

“ಮಾಸ್ತರ ಎಲ್ಲಿ ಅದಾರೋ?”

“ಎದುರಿಗೇ ಇದ್ದರಂತ. ಅವರ ಅಂದ್ರು. ನಾ ನೋಡಲಿಲ್ಲ. ಕಣ್ಣು ಮುಚಗೊಂಡಿದ್ದೆ.”

ಫಕೀರವ್ವ ಅತ್ತಳು. ಬೈದಳು. ಮತ್ತೆ ಅತ್ತಳು.

“ಕಣ್ಣು ತೆಗಿಯೋ, ಕಣ್ಣು ತೆಗಿ! ಚಕ್ರಾ ನೋಡಬ್ಯಾಡ ಅಂದೆ, ಮಂದೀನ ನೋಡಬ್ಯಾಡ ಅಂದೆನೇನು? ಮತ್ತ ಇದೇನಿದು, ನಿನ್ನ ಮೂಗು! ಫೋಟೋ ತಗಿಯೋರು ಫೋಟೋದಾಗ ಬರಬಾರದು! ನಮ್ಮ ಸ್ಟುಡಿಯೋದವರದು ಒಂದು ಬೆರಳ ಸುದ್ದಾ ಕಾಣಬಾರದು! ತಪ್ಪಿ ಬಂದಿತಂದ್ರ ಅಲ್ಲೇ ಅಳಿಸಿ ಹಾಕು! ತಿಳೀತೇನು?”

“ತಿಳೀತವ್ವ. ಒಂದು ಬೆರಳ ಸುದ್ದಾ.”

ಮದುವೆಗೆ ಹತ್ತು ದಿನ ಉಳಿದಿತ್ತು. ಕೊನೆಯ ಪರೀಕ್ಷೆ ಅಂತ ಫಕೀರವ್ವ ಅವನನ್ನು ಶಾಲೆಯ ಆಟೋಟಕ್ಕೆ ಕಳಿಸಿದಳು. ತಾನು ಮನೆಯಲ್ಲಿ ಕೂತು ಬಾಗಿಲು ನೋಡುತ್ತಿದ್ದಳು. ಸಂಜೆ ಬಂದ. ಅವಳು ಹೆದರಿ ಹೆದರಿ ಕಂಪ್ಯೂಟರ್ ಹಚ್ಚಿದಳು.

ಓಡುವ ಹುಡುಗಿಯರು ಓಡುತ್ತಿದ್ದರು, ಪಾದದ ಕೆಳಗಿನ ಧೂಳು ಗಾಳಿಯಲ್ಲಿ ನಿಂತಿತ್ತು. ಬಹುಮಾನ ತೆಗೆದುಕೊಂಡವರು ನೆಟ್ಟಗೆ ನಿಂತಿದ್ದರು. ಕಿಟಕಿಯಿಲ್ಲದ ಸಾಮಾನು ಕೋಣೆಯಲ್ಲಿ ಗೆದ್ದ ತಂಡ ಕೂತು ಬೆಲ್ಲ ತಿನ್ನುತ್ತಿತ್ತು, ಆ ಕತ್ತಲಲ್ಲೂ ಒಬ್ಬೊಬ್ಬಳ ಹಲ್ಲು ಎಣಿಸಬಹುದಿತ್ತು. ಒಂದು, ಎರಡು, ಮೂರು, ಎಲ್ಲ ಹೇಗಿರಬೇಕೋ ಹಾಗೆ. ಒಂದು ಬೆರಳೂ ಇಲ್ಲ, ಮೂಗೂ ಇಲ್ಲ.

ಫಕೀರವ್ವ ಎದ್ದು ಬಂದಳು. ಮಗನ ತಲೆ ನೇವರಿಸಿದಳು.

“ಇದರಂಗ ತಗಿಯಪ್ಪ. ಅಕ್ಕನ ಮದುವ್ಯಾಗೂ ಇದರಂಗ. ನಾ ಹೇಳಿದ್ದೆಲ್ಲ ನೆನಪಿಟ್ಟುಕೋ, ಒಂದೂ ಮರೀಬ್ಯಾಡ.”

“ಒಂದೂ ಮರಿಯಂಗಿಲ್ಲವ್ವ,” ಅಂದ ಅಡಿವೆಪ್ಪ. ಮರೆಯುವ ಜಾತಿಯೇ ಅಲ್ಲ ಅವನು.

ಮದುವೆ ಬಂತು. ಕಲ್ಯಾಣ ಮಂಟಪದ ಬಾಗಿಲಿಗೆ ಫಕೀರವ್ವ ದೊಡ್ಡ ಬೋರ್ಡು ಹಾಕಿಸಿದ್ದಳು: ದಯವಿಟ್ಟು ಯಾರೂ ಮೊಬೈಲಿನಲ್ಲಿ ಫೋಟೋ ತೆಗೆಯಬಾರದು. ಮೊಬೈಲ್ ಎತ್ತಿ ಅಡ್ಡ ನಿಲ್ಲುವವರನ್ನು ಕಂಡರೆ ಅವಳಿಗೆ ಮೊದಲಿನಿಂದ ಆಗುತ್ತಿರಲಿಲ್ಲ. ಅವಳ ಮಾತು ಮೀರುವ ಧೈರ್ಯ ಯಾರಿಗಿದೆ? ಬಂದವರೆಲ್ಲ ಮೊಬೈಲನ್ನು ಕಿಸೆಯಲ್ಲಿಟ್ಟುಕೊಂಡು ಕೂತರು.

ಆವತ್ತು ಫಕೀರವ್ವ ಇಳಕಲ್ ಸೀರೆ ಉಟ್ಟಿದ್ದಳು. ಕೊರಳಲ್ಲಿ ಕ್ಯಾಮೆರಾದ ಪಟ್ಟಿ ಇಲ್ಲದ್ದಕ್ಕೆ ಕೈಯನ್ನು ಎಲ್ಲಿಡಬೇಕು ಅಂತ ಮೊದಮೊದಲು ತಿಳಿಯಲಿಲ್ಲ. ಆಮೇಲೆ ಮಗಳ ಭುಜದ ಮೇಲಿಟ್ಟಳು. ಅಡಿವೆಪ್ಪನ ಕಡೆ ಒಮ್ಮೆ ನೋಡಿದಳು. ವಧೂವರರು ನಿಂತಿದ್ದಾರೆ, ಚಕ್ರ ಒಂದರಲ್ಲಿದೆ. ಅಕ್ಕಿಕಾಳು ಹಾರಿದವು, ಕಣ್ಣು ಚಕ್ರದ ಮೇಲಿಲ್ಲ, ಬೆರಳು ಮಾತ್ರ ಟಕ್ ಅಂತ ಎರಡಕ್ಕೆ ಹೋಯಿತು. ಲೈಟು ಆರಿಸಿ ಆರತಿ ಎತ್ತಿದರು, ಮೂರು. ಇನ್ನು ನೋಡುವ ಅಗತ್ಯವಿಲ್ಲ ಅನ್ನಿಸಿತು ಅವಳಿಗೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವಳು ಒಂದು ಮದುವೆಯನ್ನು ಬರಿಗಣ್ಣಿನಿಂದ ನೋಡಿದಳು.

ಮಗಳನ್ನು ಒಪ್ಪಿಸಿಕೊಡುವ ಹೊತ್ತು ಬಂತು. ಫಕೀರವ್ವ ಮಧುಮತಿಯ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತರು. ಅಡಿವೆಪ್ಪ ಎಡಕ್ಕೆ ಓಡಿದ, ಬಲಕ್ಕೆ ಓಡಿದ, ಕುರ್ಚಿ ಹತ್ತಿದ, ನೆಲಕ್ಕೆ ಕೂತ. ಎಷ್ಟು ಕಷ್ಟಪಡುತ್ತಾನೆ ಹುಡುಗ ಅಂದರು ಬೀಗರು.

ಮಾರನೇ ದಿನ ಬೆಳಿಗ್ಗೆ ಮನೆಯಲ್ಲಿ ತಾಯಿ ಮಗ ಇಬ್ಬರೇ. ಚಹಾ ಕುಡಿದು ಫಕೀರವ್ವ ಕಂಪ್ಯೂಟರ್ ಮುಂದೆ ಕೂತಳು. ಆರುನೂರಾ ಹನ್ನೆರಡು ಫೋಟೋ. ಹಾರುವ ಅಕ್ಕಿಕಾಳು ಒಂದೊಂದೂ ಬೇರೆ ಬೇರೆ ಕಾಣುತ್ತಿತ್ತು. ಇಷ್ಟು ಒಳ್ಳೆಯದನ್ನು ತಾನೇ ತೆಗೆದಿಲ್ಲ ಅಂತ ಅವಳಿಗೆ ಗೊತ್ತಾಯಿತು. ನೂರು ನೋಡಿದಳು. ಇನ್ನೂರು ನೋಡಿದಳು. ನಗು ಸಣ್ಣದಾಗುತ್ತ ಬಂತು. ಕೊನೆಗೆ ಒಪ್ಪಿಸಿಕೊಡುವ ಫೋಟೋ ಬಂತು. ಮಧುಮತಿ ಅಳುತ್ತಿದ್ದಾಳೆ. ಅವಳ ಕೈ ಅಂಚಿನವರೆಗೆ ಚಾಚಿದೆ. ಅಲ್ಲಿಗೆ ಫೋಟೋ ಮುಗಿದಿದೆ.

“ನಾ ಎಲ್ಲಿದ್ದೀನೋ?” ಅಂದಳು ಫಕೀರವ್ವ.

“ಇಲ್ಲವ್ವ. ಒಂದು ಬೆರಳ ಸುದ್ದಾ ಇಲ್ಲ.” ಅಡಿವೆಪ್ಪನ ಮುಖದಲ್ಲಿ ಹೆಮ್ಮೆ. “ಫೋಟೋ ತಗಿಯೋರು ಫೋಟೋದಾಗ ಬರಬಾರದಲ್ಲ? ನೀ ಅಂತೂ ಎಲ್ಲಿ ಹೋದಲ್ಲಿ ಅಡ್ಡ ಬರ್ತಿದ್ದಿ. ಮೂವತ್ತೊಂಬತ್ತು ಸಲ ಬಂದಿ. ಅಲ್ಲಲ್ಲೇ ಅಳಿಸಿ ಹಾಕೀನಿ. ಒಂದರಾಗ ಸೆರಗಿನ ತುದಿ ಅಷ್ಟ ಇತ್ತು, ಅದನ್ನೂ ಬಿಟ್ಟಿಲ್ಲ. ಅಳಿಸಿದ ಜಾಗದಾಗ ಊಟದ ಪಂಕ್ತಿ ತಗದೀನಿ.”

ಈಗ ಬೈಗುಳ ಬರುತ್ತದೆ ಅಂತ ನೀವು ಕಾಯುತ್ತಿದ್ದೀರಿ. ಅಡಿವೆಪ್ಪನೂ ಕಾದ. ಬರಲಿಲ್ಲ. ಫಕೀರವ್ವ ಎದ್ದು ಒಳಗೆ ಹೋದಳು. ನಿನ್ನೆಯ ಇಳಕಲ್ ಸೀರೆಯನ್ನೇ ಮತ್ತೆ ಉಟ್ಟು ಬಂದಳು. ಸ್ಟುಡಿಯೋದ ನೀಲಿ ಪರದೆಯ ಮುಂದೆ ನಿಂತಳು. ಪಕ್ಕದಲ್ಲಿ ಮಗಳು ನಿಲ್ಲುವಷ್ಟು ಜಾಗ ಬಿಟ್ಟೇ ನಿಂತಳು.

“ಈಗ ನಾ ಸ್ಟುಡಿಯೋದಾಕಿ ಅಲ್ಲ,” ಅಂದಳು. “ಮದುವಿ ಮಗಳ ತಾಯಿ. ನಿಂತೀನಿ, ಅಲ್ಲಾಡಂಗಿಲ್ಲ. ಒಂದ ಒಂದು ತಗಿ, ಸಾಕು.”

“ನಿಂತರ ಒಂದು,” ಅಂದ ಅಡಿವೆಪ್ಪ. ಟಕ್, ಒಂದಕ್ಕೆ ತಿರುಗಿಸಿದ. ಕಣ್ಣು ತೆಗೆದು ನೋಡಿದ. ತಾಯಿ ಕಲ್ಲಿನ ಹಾಗೆ ನಿಂತಿದ್ದಳು. ಗುಂಡಿಯ ಮೇಲೆ ಬೆರಳಿಟ್ಟ.

ಅಷ್ಟರಲ್ಲಿ ಫಕೀರವ್ವನ ಎಡಗಣ್ಣಿನಿಂದ ಒಂದು ಹನಿ ಹೊರಟಿತು. ಅವಳು ಒರೆಸಿಕೊಳ್ಳಲಿಲ್ಲ, ಅಲ್ಲಾಡುವುದಿಲ್ಲ ಅಂತ ಮಾತು ಕೊಟ್ಟಿದ್ದಳಲ್ಲ. ಅಡಿವೆಪ್ಪ ನೋಡಿದ. ಟಕ್ ಅಂತ ಎರಡಕ್ಕೆ ತಿರುಗಿಸಿದ. ಕ್ಯಾಮೆರಾವನ್ನು ಅವಳ ಕೆನ್ನೆಯ ಹತ್ತಿರ ತಂದ. ಚಕ್ ಚಕ್ ಚಕ್ ಚಕ್!

ಹನ್ನೊಂದು ಫೋಟೋ ಬಂದವು. ಆರರಲ್ಲಿ ಕೆನ್ನೆ. ಎರಡರಲ್ಲಿ ಗಲ್ಲದ ತುದಿ. ಕೊನೆಯ ಮೂರರಲ್ಲಿ ನೆಲ.

“ನನ್ನ ಮುಖ ಎಲ್ಲೋ?” ಅಂದಳು ಫಕೀರವ್ವ.

“ಮುಖ ನಿಂತಿತ್ತವ್ವ. ಓಡಿದ್ದು ಅದೊಂದ.”

ಫಕೀರವ್ವ ಆ ಹನ್ನೊಂದನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ನಕ್ಕಳು, ಕುರ್ಚಿ ಹಿಡಿದುಕೊಂಡು ನಕ್ಕಳು. ಆ ನಗುವಿನ ಫೋಟೋ ಇಲ್ಲ. ಒಂದು ತಗಿ ಅಂದಿದ್ದಳು, ಹನ್ನೊಂದಾಗಿತ್ತು, ಅಡಿವೆಪ್ಪ ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ಒಳಗೆ ಇಟ್ಟಿದ್ದ.

ಮೂರನೆಯದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಗಂಡನ ಫೋಟೋದ ಪಕ್ಕದಲ್ಲಿ ಅವಳೇ ಮೊಳೆ ಹೊಡೆದು ತೂಗುಹಾಕಿದಳು. ಅರ್ಧ ಕೆನ್ನೆ, ಒಂದು ಹನಿ, ಹನಿಯೊಳಗೆ ಸ್ಟುಡಿಯೋದ ಕಿಟಕಿ. ಈಗಲೂ ಇದೆ. ಪಾಸ್‌ಪೋರ್ಟ್ ಸೈಜಿಗೆ ಅಂತ ಬಂದವರು ನಿಂತು ನೋಡಿ ಇದು ಯಾರ ಫೋಟೋ ಅಂತ ಕೇಳುತ್ತಾರೆ.

“ಹನೀದ್ರಿ,” ಅನ್ನುತ್ತಾನೆ ಅಡಿವೆಪ್ಪ. “ಕೆನ್ನಿ ತಪ್ಪಿ ಬಂದೈತಿ. ಅಳಿಸಬೇಕಂದ್ರ ಅವ್ವ ಬಿಡವಲ್ಲಳು.”