ಇನಾಲಿ ಓಡಿದ ಬೋಳು

ನಮ್ಮ ಚೆರೊಕೀ ಜನರ ಸೀಮೆಯ ಬೆಟ್ಟಸಾಲಿನಲ್ಲಿ ಒಂದು ಬೆಟ್ಟದ ನೆತ್ತಿ ಮಾತ್ರ ಬೋಳು. ಸುತ್ತಲೂ ಓಕ್ ಮರಗಳ ದಟ್ಟ ಕಾಡು, ನಡುವೆ ಬರೀ ಹುಲ್ಲು. ಅದನ್ನು ‘ಇನಾಲಿ ಓಡಿದ ಬೋಳು’ ಎನ್ನುತ್ತಾರೆ. ಇನಾಲಿ ಯಾರೋ ಮಹಾವೀರ, ಶತ್ರುಗಳನ್ನು ಅಟ್ಟಿಸಿಕೊಂಡು ಓಡಿರಬೇಕು ಎಂದುಕೊಂಡ ಪ್ರವಾಸಿಗರು ಅಲ್ಲಿ ಎದೆಯುಬ್ಬಿಸಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಲಿ. ಅವನ ಹೆಂಡತಿ ವಲೇಲ ನಮ್ಮ ತೋಳಕುಲದ ಹೆಣ್ಣು. ಆ ಮಹಾವೀರನ ಯೋಗ್ಯತೆ ನಮಗೆ ಗೊತ್ತು.

ಹಿಂದೆ ಒಮ್ಮೆ, ಈ ನೆತ್ತಿಯ ಮೇಲೂ ಕಾಡಿದ್ದ ಕಾಲದಲ್ಲಿ, ಜಿಂಕೆಗಳಿಗೆಲ್ಲ ಒಡೆಯನಾದ ಪುಟ್ಟ ಜಿಂಕೆಯೊಂದಿತ್ತು. ನಾಯಿಮರಿಗಿಂತ ದೊಡ್ಡದಲ್ಲ, ಮೈಯೆಲ್ಲ ಬಿಳಿ. ಬಾಣ ತಗುಲಿ ಜಿಂಕೆ ಬಿದ್ದೊಡನೆ ಅದು ಬಂದು, ನೆಲದ ನೆತ್ತರಿನತ್ತ ಬಾಗಿ, ಕೊಂದವನು ಕ್ಷಮೆ ಕೇಳಿದನೇ ಎಂದು ಆ ನೆತ್ತರನ್ನೇ ವಿಚಾರಿಸುತ್ತಿತ್ತು. ಕೇಳಿದ್ದರೆ ಸರಿ. ಕೇಳದಿದ್ದರೆ ನೆತ್ತರಿನ ಜಾಡು ಹಿಡಿದು ಹೋಗಿ ಅವನ ಕೀಲುಗಳಿಗೆ ವಾತ ಹೊಗಿಸುತ್ತಿತ್ತು. ಅದು ಬೆನ್ನು ಹತ್ತದಂತೆ ತಾವು ನಡೆದ ದಾರಿಗೆ ಬೆಂಕಿ ಹಾಕುವ ಉಪಾಯವೂ ಇತ್ತು ಎನ್ನುತ್ತಾರೆ. ನಾಲ್ಕು ಮಾತಿಗೆ ನಾಲಿಗೆ ಏಳದ ಸೋಮಾರಿಗಳ ಉಪಾಯ ಅದು.

ಇನಾಲಿಗೆ ಕ್ಷಮೆಯೆಂದರೆ ಅವಮಾನ. “ಸತ್ತ ಜಿಂಕೆಗೆ ನಾನು ತಲೆ ಬಗ್ಗಿಸ್ಲಾ?” ಎಂದು ಊರೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಎಲೆಯುದುರುವ ಕಾಲದಲ್ಲಿ ಹೆಂಡತಿಯೊಡನೆ ಬೇಟೆಗೆ ಬಂದ. ಬಿಲ್ಲು ಹೊರಲು ತಾನು, ಮಾಂಸ ಹೊರಲು ಅವಳು. ಈ ನೆತ್ತಿಯಲ್ಲಿ ಒಂದು ಜಿಂಕೆಯನ್ನು ಕೆಡವಿ, ಬಾಯಿ ಬಿಡದೆ ಮುಂದೆ ನಡೆದ. ವಲೇಲ ಹೊರೆ ಹೊತ್ತು ಹಿಂದೆ ಬರುತ್ತಿದ್ದಳು. ಪೊದೆಯಲ್ಲಿ ಏನೋ ಸರಕ್ಕೆಂದಿತು. ಅಷ್ಟಕ್ಕೇ ಆ ಶೂರನ ಜೀವ ಬಾಯಿಗೆ ಬಂತು. ಹಿಂತಿರುಗಿಯೂ ನೋಡದೆ, ಅದಕ್ಕೆಂದೇ ಒಯ್ದಿದ್ದ ಕೆಂಡವನ್ನು ಒಣ ಎಲೆಗಳ ಮೇಲೆ ಸುರಿದು ಓಟ ಕಿತ್ತ. ಬೆಂಕಿ ಗಾಳಿ ಹಿಡಿದು ಮೇಲೇರಿತು. ಹೆಂಡತಿ ಬೆಂಕಿಯ ಆಚೆಗಿದ್ದಳು.

ಊರು ಸೇರಿದವನು, ಪುಟ್ಟ ಜಿಂಕೆ ಅವಳನ್ನು ಎಳೆದೊಯ್ದಿತು, ತಾನು ಕಾದಾಡಿ ಸೋತೆ ಎಂದು ಗೋಳಾಡಿದ. ನಾಯಿಮರಿಯಷ್ಟಿರುವ ಪ್ರಾಣಿಯೊಡನೆ ಕಾದಾಟ! ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ. ಮಗಳನ್ನು ಕಳೆದುಕೊಂಡ ತಾಯಿ ಎದೆ ಬಡಿದುಕೊಂಡು ಅಳುತ್ತಿದ್ದರೆ, ಅಳಿಯ ಅವಳ ಒಲೆಯ ಪಕ್ಕದಲ್ಲೇ ಕೂತು ಗಂಜಿ ಕುಡಿದ.

ಅತ್ತ ಉರಿ ಮುತ್ತಿದಾಗ ವಲೇಲ ಹೊರೆಯಿಳಿಸಿ ಮಂಡಿಯೂರಿದ್ದಳು. “ಒಡೆಯಾ, ಹಸಿವಿಗೆ ಕೊಂದ್ವಿ, ಮನ್ನಿಸು.” ತಲೆಯೆತ್ತಿದರೆ ಹೊಗೆಯಲ್ಲಿ ಪುಟ್ಟ ಜಿಂಕೆ ನಿಂತಿತ್ತು. ಅದು ತೊರೆಗೆ ದಾರಿ ತೋರಿತು. ತೊರೆಯಗುಂಟ ನಡೆದು ಮರುದಿನ ಅವಳು ಮನೆ ಮುಟ್ಟಿದಳು. ಅವಳನ್ನು ಕಂಡು ಎದ್ದು ನಿಲ್ಲಲು ಹೋದ ಇನಾಲಿಯ ಮಂಡಿಗಳು ಊದಿ ಮಡಚಿಕೊಂಡವು.

“ನಾನು ಕೂಗಿದ್ದು ಕೇಳಿಸ್ತಾ?” ಎಂದಳು.

“ಕೇಳಿಸ್ತು. ಜಿಂಕೆ ಕೂಗ್ತಿದೆ ಅಂದ್ಕೊಂಡೆ.”

“ನಿನ್ನ ಹೆಸರು ಹಿಡಿದು ಕೂಗಿದ್ದೆ.”

ನಮ್ಮಲ್ಲಿ ಮನೆ ಹೆಣ್ಣಿನದು. ವಲೇಲ ಅವನ ಬಿಲ್ಲು, ಕಂಬಳಿಗಳನ್ನು ಬಾಗಿಲ ಹೊರಗಿಟ್ಟಳು; ಅಲ್ಲಿಗೆ ಮದುವೆ ಮುಗಿಯಿತು. ಅವನು ತೆವಳಿಕೊಂಡೇ ಹೊಸ್ತಿಲು ದಾಟಿದ.

ಸುಟ್ಟ ನೆತ್ತಿಯಲ್ಲಿ ಮರ ಮತ್ತೆ ಬೆಳೆಯಲಿಲ್ಲ; ಸಂಜೆ ಜಿಂಕೆಗಳು ನಿರ್ಭಯವಾಗಿ ಮೇಯುವುದನ್ನು ಈಗಲೂ ನೋಡಬಹುದು. ಆ ಕಾಲುದಾರಿಯಲ್ಲಿ ನಮ್ಮವರು ಹತ್ತುವಾಗ ಹೆಂಡತಿ ಮುಂದೆ, ಹೊರೆ ಹೊತ್ತ ಗಂಡ ಹಿಂದೆ. ಪ್ರವಾಸಿಗರು ಅದನ್ನು ಸೌಜನ್ಯವೆಂದು ಹೊಗಳುತ್ತಾರೆ. ನಮ್ಮ ಹೆಂಗಸರು ನಕ್ಕು ಮುಂದೆ ನಡೆಯುತ್ತಾರೆ.