ಮಣ್ಣು ಮೆತ್ತಿದ ಊರುಗೋಲುಗಳು

ಪ್ರಾರ್ಥನೆಯಿಂದ ರೋಗ ಗುಣಪಡಿಸುವ ಸ್ವಸ್ಥತೆಯ ಕೂಟದಲ್ಲಿ ಜನ ಎಸೆದುಹೋದ ಊರುಗೋಲುಗಳನ್ನು ಪ್ರಾರ್ಥನಾಲಯದ ಗೋಡೆಗೆ ಸಾಕ್ಷಿಯೆಂದು ತೂಗುಹಾಕಿದ್ದರು. "ಇವರೆಲ್ಲ ನನ್ನ ದನಿ ಕೇಳಿ ನಡೆದವರು," ಎಂದು ಮೈಕು ಬೀಗುತ್ತಿತ್ತು.

ಒಂದು ಭಾನುವಾರ ಊರುಗೋಲುಗಳ ತುದಿಗೆಲ್ಲ ಹಸಿಮಣ್ಣು ಮೆತ್ತಿತ್ತು.

"ಎಲ್ಲಿಗೆ ಹೋಗಿದ್ದಿರಿ?" ಎಂದು ಸಭೆಯ ಹಿರಿಯನಾದ ಬೆಂಚು ಕೇಳಿತು.

"ನಮ್ಮವರನ್ನು ಹುಡುಕಲು," ಎಂದಿತು ಒಂದು ಊರುಗೋಲು. "ಹಲವರು ತಮ್ಮ ಮನೆಯ ಹೊಸ್ತಿಲಲ್ಲಿ ತೆವಳುತ್ತಿದ್ದಾರೆ. ನನ್ನ ಎಸ್ತೇರಮ್ಮ ಸಮಾಧಿಯಲ್ಲಿದ್ದಾಳೆ."

"ಅವರಿಗೆ ನಂಬಿಕೆ ಸಾಲದು," ಎಂದಿತು ಮೈಕು.

"ನಂಬಿದ್ದಕ್ಕೇ ಇವನ್ನು ಬಿಟ್ಟುಹೋದರು. ನಾವೂ ಆಮೆನ್ ಅಂದೆವು, ಮನೆಗೆ ಹೋಗಿ ನೋಡಲಿಲ್ಲ. ಇನ್ನು ಈ ಸಭೆಗೂ ನಿನಗೂ ಸಂಬಂಧವಿಲ್ಲ," ಎಂದು ಬೆಂಚು ಅದರ ತಂತಿ ಕಿತ್ತಿತು.

ತಂತಿಯಿಲ್ಲದೆಯೂ ಮೈಕು ಕೂಗುತ್ತಲೇ ಬಾಗಿಲು ದಾಟಿತು: "ಕೋಲು ಎಸೆದು ನಡೆಯಿರಿ!"

ಹೊರಗೆ ರಸ್ತೆಯುದ್ದಕ್ಕೂ ಕೋಲುಗಳು ಒಂದೊಂದಾಗಿ ಬೀಳುವ ಸದ್ದು ಕೇಳಿಸಿತು.